ಮನ್ಯಾಗ ತಾಯಿ ಬಂದಿದ್ದ ಬ್ಯಾಸಗಿ

ಬಾವಿ ದಂಡಿಮ್ಯಾಲ ನಮ್ಮಪ್ಪ, ನಮ್ಮ ಕಾಕಾ ಒಬ್ಬರ ಅಂಗಿ ಒಬ್ಬರು ಹಿಡದು ನಿಂತಿದ್ರು. ಇವತ್ತ ಮೋಟರ್ ಪಾಳಿ ಯಾರದು ಅಂತ ಜಗಳ. ಜಗಳ ಆದಾಗೆಲ್ಲಾ ಬ್ಯಾರಿ ಆಗೂ ಮಾತ ಎದ್ದು, ಬೈದಾಟದಾಗ ಅರ್ಧಕ್ಕ ನಿಲ್ಲತಿತ್ತು. ಬಾವ್ಯಾಗ ನೀರು ತಳಾ ಕಂಡಿತ್ತು, ಇಬ್ಬರ ಕಬ್ಬೂ ಒಣಗಾಕತ್ತಿತ್ತು.

ನಾ ಜ್ವರಾ ಬಂದು ಪಡಸಾಲ್ಯಾಗ ಮಲಗಿದ್ದೆ. ನಮ್ಮಪ್ಪನ ಅವ್ವ, ನಮ್ಮ ಆಯಿ, ನನ್ನ ಅಂಗಿ ಎತ್ತಿ ಬೆನ್ನ ನೋಡಿದ್ಲು. ನೋಡಿದಾಕೀನ ಹೊರಗ ಓಡಿ ಹೋಗಿ ಒದರಿದ್ಲು...

"ಬಾಯಿ ಮುಚ್ಚರ್ಲೇ! ಮನ್ಯಾಗ ತಾಯಿ ಬಂದಾಳ!"

ಎತ್ತಿದ ಕೈ ಹಂಗ ಕೆಳಗ ಬಂದ್ವು ನೋಡ್ರಿ.

ಎಂಬತ್ತರ ದಶಕದ ಮಾತಿದು. ಮುಗಳಖೋಡದ ಹಂತ್ಯಾಕ ನಮ್ಮ ತೋಟದ ಮನಿ. ಈಗ ಚಿಕನ್‌ಪಾಕ್ಸ್ ಅಂತ ಹೇಳಿ ಡಾಕ್ಟರ್ ಕಡೆ ಓಡ್ತೀವಿ. ಆವಾಗ ಮೈಮ್ಯಾಲ ಗುಳ್ಳಿ ಎದ್ವು ಅಂದ್ರ ದೇವಿ ಬಂದಂಗ, ಯಾವ ಬೀಗರಿಗೂ ಇರದಂಥ ಮರ್ಯಾದಿ ಆಕೀಗೆ.

ಆಕಿ ಇರೂತನಾ ವಗ್ಗರಣಿ ಇಲ್ಲ, ಖಾರ ಇಲ್ಲ, ಒಳಗ ಚಪ್ಪಲಿ ಇಲ್ಲ. ಜೋರ ಮಾತಿಲ್ಲ. ಸಿಟ್ಟಂತೂ ಇಲ್ಲೇ ಇಲ್ಲ! ಮನ್ಯಾಗ ಯಾರರ ಸಿಟ್ಟ ಮಾಡಿದ್ರ ತಾಯಿನೂ ಸಿಟ್ಟಾಗ್ತಾಳ, ಕೂಸಿನ ಕಣ್ಣ ತಗೋತಾಳ ಅಂತ ಎಲ್ಲಾರಿಗೂ ಹೆದರಿಕಿ.

ಏನ ಹೇಳ್ಲಿ... ಮೈತುಂಬ ತುರಿಕಿ ಇದ್ರೂ, ನನ್ನ ಜೀವನದಾಗಿನ ಎಲ್ಲಾಕಿಂತ ಚಂದದ ಬ್ಯಾಸಗಿ ಅದು.

ಬೇವಿನ ತಪ್ಪಲ ಹಾಸಿ ಮಲಗಸ್ತಿದ್ರು. ಕಾಕಾನ ಹೆಣತಿ, ನಮ್ಮ ಕಾಕು, ಪಕ್ಕದಾಗ ಕುಂತು ಬೇವಿನ ಟೊಂಗಿಲೆ ಗಾಳಿ ಹಾಕ್ಕೋತ ಮೊಸರನ್ನದ ತುತ್ತ ಮಾಡಿ ಉಣಸ್ತಿದ್ಲು. ಆಕೀಗೆ ಮಕ್ಕಳಿದ್ದಿಲ್ಲ, ನಾನ ಆಕಿ ಮಗಳು.

ಹೊಸ ಗಡಿಗ್ಯಾನ ತಣ್ಣನ ನೀರು. ನೀರಮಜ್ಜಿಗಿ. ಕಾಕಾ ಸೈಕಲ್‌ಮ್ಯಾಲ ರಾಯಬಾಗದಿಂದ ಕಲ್ಲಂಗಡಿ ತಂದಾ. ಅಪ್ಪ ಕೊಯ್ದು, ನಡುವಿನ ಕೆಂಪನ ಹೋಳು ಕಾಕಾನ ಕೈಯಾಗ ಕೊಟ್ಟಾ. ನಮ್ಮವ್ವ ಬಾಯಿ ತಕ್ಕೊಂಡು ನೋಡಾಕತ್ತಿದ್ಲು.

"ತಮ್ಮಾ, ಇವತ್ತ ನೀನ ಮೋಟರ್ ಹಾಕ್ಕೋಪಾ."

"ಇಲ್ಲೋ ಅಣ್ಣಾ, ನಿನ್ನ ಕಬ್ಬ ಬಾಡೇತಿ. ನೀ ಮೊದಲ ನೀರ ಹಾಸಿಕೋ."

ಅಡಗಿಮನ್ಯಾಗ ಅವ್ವ, ಕಾಕು ಸೆರಗ ಬಾಯಿಗೆ ಒತ್ತಿಕೊಂಡು ನಗತಿದ್ರು. "ಅಕ್ಕಾ, ಈ ಗಂಡಸೂರ ಮೈಗೂ ಒಮ್ಮೆ ತಾಯಿ ಬರ್ಲಿ, ಪೂರಾ ತಣ್ಣಗಾಗ್ತಾರ" ಅಂತ ಕಾಕು ಅಂದ್ಲು. ಅವ್ವ ಗಲ್ಲಾ ಬಡಕೊಂಡು, ತಪ್ಪಾತು ತಾಯಿ ಅಂದು, ಮತ್ತ ನಕ್ಕಳು.

ಸಂಜಿಮುಂದ ಅಣ್ಣಾ ತಮ್ಮಾ ಇಬ್ಬರೂ ಬೇವಿನ ಗಿಡದ ಕೆಳಗ ಹೊರಸ ಹಾಕ್ಕೊಂಡು ಮೆತ್ತಗ ಮಾತಾಡ್ಕೋತ ಕುಂಡರತಿದ್ರು. ಆಯಿ ಬಾಗಲದಾಗಿಂದ ಅವರನ್ನ ನೋಡಿ ನೋಡಿ ಕಣ್ಣ ಒರಸ್ಕೋತಿದ್ಲು.

ಗುಳ್ಳಿ ಒಣಗಿದ್ವು. ಹಕ್ಕಳಿ ಎಲ್ಲಾ ಉದರಿದ್ವು. ನಾ ಓಡ್ಯಾಡಾಕ ತಯಾರ.

ಆದ್ರ ಆಯಿ ದಿನಾ ಮುಂಜಾನೆ ನನ್ನ ಕಿವಿ ಹಿಂದ ನೋಡಿ, "ಇಲ್ಲೊಂದ ಐತಿ. ತಾಯಿ ಇನ್ನೂ ಹೊಂಟಿಲ್ಲ" ಅಂತ ಎಲ್ಲಾರಿಗೂ ಕೇಳೂವಂಗ ಹೇಳ್ತಿದ್ಲು.

ನಾ ಬೆರಳಲೆ ಸವರಿ ನೋಡ್ದೆ. ಏನೂ ಇದ್ದಿಲ್ಲ! "ಆಯಿ, ಏನೂ ಇಲ್ಲಲ್ಲ..." ಅನ್ನೂದ್ರಾಗ ನನ್ನ ಬಾಯಿಮ್ಯಾಲ ಕೈ ಇಟ್ಲು.

"ಸುಮ್ನಿರ ನನ್ನ ಬಂಗಾರ. ಇನ್ನೊಂದೀಟ ದಿನಾ ಮಲಕೋ. ನಿಮ್ಮಪ್ಪ, ಕಾಕಾ ಕೂಡಿ ಕುಂತು ಉಣ್ಲಿ. ಹಿಂಗ ರೂಢಿ ಆತಂದ್ರ ಬ್ಯಾರಿ ಆಗೂ ಮಾತ ಮರೀತಾರ."

ನಾ ಮಲಕೊಂಡೆ. ಅವ್ವಗ ಗೊತ್ತಿತ್ತು, ಕಾಕುಗ ಗೊತ್ತಿತ್ತು. ಯಾರೂ ಪಿಟ್ಟ ಅನ್ಲಿಲ್ಲ. ಎಲ್ಲಾರಿಗೂ ತಾಯಿ ಇರೂದ ಬೇಕಾಗಿತ್ತು.

ಒಂದ ಮಧ್ಯಾಹ್ನ ಅಪ್ಪ ಆಯಿ ಹಂತ್ಯಾಕ ಬಂದು ಕುಂತಾ. ಕಾಕಾ ಹಿಂದ ನಿಂತಿದ್ದಾ.

"ಯವ್ವಾ, ತಾಯೀನ ಇನ್ನ ಕಳಿಸಬೇ" ಅಂದಾ ಅಪ್ಪ, ಭಾಳ ಮೆತ್ತಗ. "ನಾವಿಬ್ಬರೂ ಕುಂತು ಮಾತಾಡೀವಿ. ತೋಟಾ ನಡುವ ಹಂಚಗೋತೀವಿ. ಇಂವ ಊರಾಗಿನ ಹಳೇ ಮನೀಗೆ ಹೋಗ್ತಾನ, ನಾ ಇಲ್ಲೇ ಇರ್ತೀನಿ. ಜಗಳ ಏನೂ ಇಲ್ಲಬೇ... ಇಬ್ಬರಿಗೂ ಒಪ್ಪಿಗಿ ಐತಿ."

ಬೇವಿನ ಗಿಡದ ಕೆಳಗ ಇಷ್ಟ ದಿನಾ ಇದನ್ನ ಮಾತಾಡ್ಯಾರ! ಸಿಟ್ಟಿನ್ಯಾಗ ಯಾವ ಮಾತು ಅರ್ಧಕ್ಕ ಹರದು ಹೋಗತಿತ್ತೋ, ಅದು ಸಮಾಧಾನದಾಗ ಪೂರಾ ಮುಗದಿತ್ತು.

ಆಯಿ ಅವರಿಬ್ಬರ ಮಾರಿ ನೋಡಿದ್ಲು. "ಬೇಕಾದ್ರ ಜಗಳಾಡ್ರೋ..." ಅಂದ್ಲು. "ಬಡದಾಡ್ರಿ. ಒಂದ ಒಲಿ ಮುಂದ ಕುಂತು ಬಡದಾಡ್ರಿ. ನಾ ಏನೂ ಅನ್ನಾಂಗಿಲ್ಲ."

ಅಪ್ಪ ಮೆತ್ತಗ ಆಕಿ ಕಾಲ ಮುಟ್ಟಿ ಎದ್ದಾ. ಮನ್ಯಾಗ ಜೋರ ಮಾತಾಡೂವಂಗಿಲ್ಲಲ್ಲ...

ಮರುದಿನ ನನಗ ಬೇವಿನ ನೀರ ಹಾಕಿದ್ರು. ಆಯಿ ಮೊಸರನ್ನದ ಎಡಿ ಹಿಡಕೊಂಡು ತಾಯೀನ ಕಳಸಾಕ ಊರ ಸೀಮಿ ತನಕ ನಡದ್ಲು. ಎಡಿ ಇಟ್ಟು ಎಲ್ಲಾರೂ ಕೈ ಮುಗದ್ರು. ಆಯಿ ಒಬ್ಬಾಕಿ ಮಣ್ಣಾಗ ಕುಂತು, "ನಾ ನಿನ್ನ ಹೋಗ ಅಂದಿದ್ದಿಲ್ಲವ್ವಾ..." ಅಂತ ಎದಿ ಎದಿ ಬಡಕೊಂಡು ಅತ್ಲು.

ವಾರದಾಗ ಕಾಕುನ ಟ್ರಂಕ ಚಕ್ಕಡಿ ಏರಿತು. ಆಕಿ ನನ್ನ ತಬ್ಬಿ ಹಿಡದು ಬಿಡವಲ್ಲಳು, ನಾ ಆಕಿ ಸೀರಿ ಬಿಡವಲ್ಲೆ. ಕಾಕಾ ಬಂದು ನನ್ನ ಬೆರಳ ಒಂದೊಂದ ಬಿಡಿಸಿದಾ, ಸಿಟ್ಟ ಮಾಡಲಾರದ... ಅಪ್ಪ ತಾನ ಚಕ್ಕಡಿ ಹಿಂದ ಕೈ ಹಚ್ಚಿ ನೂಕಿದಾ. ಅವತ್ತೂ ಒಂದ ಕೆಟ್ಟ ಮಾತ ಬರಲಿಲ್ಲ.

ಈಗ ನನಗೂ ದೊಡ್ಡ ಸಂಸಾರ. ಮನ್ಯಾಗ ಮಕ್ಕಳು ಒದರ್ಯಾಡಿದ್ರ ನಾ ಹೆದರೂದಿಲ್ಲ, ಬ್ಯಾಸಗಿ ಬಿಸಲಾಗ ತಲಿ ಕಾದಾವ ಅಂತ ಮಜ್ಜಿಗಿ ಮಾಡಿ ಕೊಡ್ತೀನಿ.

ಆದ್ರ ಎಲ್ಲಾರೂ ಒಮ್ಮಿಂದೊಮ್ಮೆ ಮೆತ್ತಗ ಮಾತಾಡಾಕ ಸುರು ಮಾಡಿದ್ರ ಎದಿ ಝಲ್ಲ ಅಂತೈತಿ... ನಿಮಗೂ ಹಿಂಗ ಆಗತೈತೇನ್ರಿ?