ಅದಲುಬದಲಾದ ಎದೆಬಡಿತ

ಬೀದಿಗೆಲ್ಲ ಟೈಲರಕ್ಕ ಎಂದೇ ಪರಿಚಿತಳಾದ ಆಕೆಗೆ ಕೈಯಲ್ಲಿ ಕಲೆಯಿತ್ತು, ನಾಲಿಗೆಯಲ್ಲಿ ಖಾರವಿತ್ತು, ಹೊಟ್ಟೆಯಲ್ಲಿ ಕಿಚ್ಚಿತ್ತು. ಕಿಚ್ಚೆಲ್ಲ ಒಬ್ಬಳ ಮೇಲೆಯೇ: ಮೈದುನನ ಹೆಂಡತಿ, ಒಂದೇ ಸೂರಿನಡಿಯ ವಾರಗಿತ್ತಿ.

ಎದೆಬಡಿತ ತಾಳ ತಪ್ಪುವ ಕಾಯಿಲೆ ಮೊದಲು ಬಂದದ್ದು ಟೈಲರಕ್ಕನಿಗೆ. ತೊಡೆಯ ಸಂದಿನ ರಕ್ತನಾಳದಿಂದ ತಂತಿಯಂಥ ಕೊಳವೆಯನ್ನು ಹೃದಯದವರೆಗೆ ತೂರಿಸಿ, ತಪ್ಪು ಮಿಡಿತ ಹುಟ್ಟುವ ಜಾಗವನ್ನು ಸುಟ್ಟಿದ್ದರು. ಅರ್ಧ ದಿನ ಹಿಡಿಯಿತು. ಮರುವರ್ಷ ವಾರಗಿತ್ತಿಗೂ ಅದೇ ಕಾಯಿಲೆ. ಅಷ್ಟರಲ್ಲಿ ಆಸ್ಪತ್ರೆಗೆ ಹೊಸ ಯಂತ್ರ ಬಂದಿತ್ತು. ಸುಡುವ ಮಾತೇ ಇಲ್ಲ, ಕ್ಷಣಮಾತ್ರದ ವಿದ್ಯುತ್ ಹೊಡೆತಗಳಲ್ಲೇ ಕೆಲಸ ಮುಗಿಯಿತು. ಅವಳು ಮಾರನೆಯ ದಿನವೇ ನಗುನಗುತ್ತ ಮನೆಗೆ ಬಂದಳು.

"ನಮ್ಮ ಚಿಕ್ಕ ಸೊಸೇದು ಹೂ ಎತ್ತಿದ ಹಾಗೆ ಆಗೋಯ್ತು," ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಟೈಲರಕ್ಕನ ಎದೆ ಢವಢವ ಎಂದಿತು. ಹಳೇ ಯಂತ್ರಕ್ಕೆ ನಾನು, ಹೊಸದಕ್ಕೆ ಇವಳು! ಅಂದಿನಿಂದ ಎದೆ ಆಗಾಗ ಹೀಗೇ ಕುಣಿಯುತ್ತಿತ್ತು. ಕಾಯಿಲೆ ಮರಳಿತೆಂದು ಡಾಕ್ಟರಿಗೂ ಹೇಳಿಕೊಂಡಳು.

ಪರೀಕ್ಷೆಗೆಂದು ಅವರು, ವಾರಗಿತ್ತಿಯ ತಪಾಸಣೆಯೂ ಆಗಲೆಂದು, ಇಬ್ಬರ ಎದೆಗೂ ಒಂದೇ ತರಹದ ಪುಟ್ಟ ಡಬ್ಬಿ ಅಂಟಿಸಿ ಕಳಿಸಿದರು. ಬಡಿತವನ್ನೆಲ್ಲ ದಾಖಲಿಸುವ ಡಬ್ಬಿ. ಎರಡನ್ನೂ ವಾಪಸು ಕೊಡಲು ಹೊರಟವಳು ಟೈಲರಕ್ಕ. ತನ್ನ ಹೃದಯ ಕೆಟ್ಟಿದೆ, ಅವಳದು ಚೆನ್ನಾಗಿದೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ, ಹೊಲಿಗೆ ಬಿಚ್ಚಿದಷ್ಟೇ ನಾಜೂಕಾಗಿ, ಹೆಸರಿನ ಚೀಟಿಗಳನ್ನು ಕಿತ್ತು ಅದಲುಬದಲು ಅಂಟಿಸಿದಳು. ಒಂದು ಸಲವಾದರೂ ಅತ್ತೆಯ ಬಾಯಿ ಮುಚ್ಚಲಿ, ಆಮೇಲಿನದು ಆಮೇಲೆ.

ಫಲಿತಾಂಶದ ದಿನ ಇಬ್ಬರೂ ಜೊತೆಯಲ್ಲೇ ಹೋದರು.

"ನಿಮ್ದು ಪೂರ್ತಿ ಸರಿಯಾಗಿದೆ, ರಕ್ತ ತೆಳುವಾಗೋ ಮಾತ್ರೆ ನಿಲ್ಲಿಸೋಣ," ಎಂದರು ಡಾಕ್ಟರು ಕಿರಿಯಳಿಗೆ. ಟೈಲರಕ್ಕನತ್ತ ತಿರುಗಿದರು. "ನಿಮ್ದೇ ಮತ್ತೆ ತಾಳ ತಪ್ತಿದೆ. ಹೀಗೇ ಬಿಟ್ರೆ ರಕ್ತ ಹೆಪ್ಪುಗಟ್ಟಿ ಲಕ್ವಾ ಹೊಡೀಬಹುದು. ಇನ್ನೊಂದ್ಸಲ ಮಾಡ್ಬೇಕಾಗುತ್ತೆ."

ಟೈಲರಕ್ಕನಿಗೆ ಮೊದಲು ಆದದ್ದು ಸಂತೋಷ. ಅಂದರೆ ಕೆಟ್ಟಿರುವುದು ಅವಳ ಹೃದಯ, ತನ್ನದಲ್ಲ! ಅಷ್ಟರಲ್ಲಿ ವಾರಗಿತ್ತಿ ಅವಳ ಕೈ ಹಿಡಿದಳು. "ಹೆದರ್ಬೇಡಿ ಅಕ್ಕಾ, ಈ ಸಲ ಹೊಸ ಯಂತ್ರದಲ್ಲೇ ಮಾಡಿಸೋಣ. ನಾನು ಜೊತೇಲಿರ್ತೀನಿ."

ಮಾತ್ರೆ ನಿಲ್ಲಿಸಲು ಡಾಕ್ಟರು ಪೆನ್ನು ಎತ್ತಿಕೊಂಡಿದ್ದರು.

"ನಿಲ್ಲಿಸ್ಬೇಡಿ ಡಾಕ್ಟ್ರೇ," ಎಂದಳು ಟೈಲರಕ್ಕ. "ತಾಳ ತಪ್ಪಿರೋ ಡಬ್ಬಿ ಇವಳದು. ಚೀಟಿ ಬದಲಾಯಿಸಿದ್ದು ನಾನೇ."

ಹಿಡಿದಿದ್ದ ಕೈ ಮೆಲ್ಲಗೆ ಜಾರಿತು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಹಾಗಾದ್ರೆ ನಿಮ್ಮ ಹೃದಯಕ್ಕೆ ಏನೂ ಆಗಿಲ್ಲಮ್ಮ. ಮತ್ತೆ ಎದೆ ಢವಢವ ಅನ್ನುತ್ತೆ ಅಂತಿದ್ರಲ್ಲ, ಅದು ಯಾವಾಗ?"

ಟೈಲರಕ್ಕ ತಲೆ ತಗ್ಗಿಸಿದಳು.

"ಇವಳನ್ನ ಯಾರಾದ್ರೂ ಹೊಗಳಿದಾಗ."