ಗಾಜಿನ ಬಾಗಿಲಿಗೆ ಅಂಟದ ಫೋಟೋ

ಇದು ೨೦೦೭ರ ಮಾತು. ಗಂಡನ ಬ್ಯಾಂಕ್ ಕೆಲಸದಿಂದಾಗಿ ನಾವು ಬಾಗಲಕೋಟೆಯಿಂದ ಸಿಂಗಪುರಕ್ಕೆ ಬಂದು ಟ್ಯಾಂಪಿನೀಸ್‌ನ ಫ್ಲ್ಯಾಟೊಂದರಲ್ಲಿದ್ದೆವು. ನಮ್ಮ ಬ್ಲಾಕಿನ ಕೆಳಗೇ ಒಂದು ಚಿಕ್ಕ ಕಿರಾಣಿ ಅಂಗಡಿ. ನಡೆಸುತ್ತಿದ್ದವರು ಚೀನೀ ಮೂಲದ ಹೆಂಗಸು. ಎಲ್ಲರಿಗೂ ಅವರು ಆಂಟಿ. ನನ್ನ ಸೋಮವಾರದ ಪೂಜೆಗೆಂದು ತೆಂಗಿನಕಾಯಿ ಕೂಡ ತರಿಸಿಡುತ್ತಿದ್ದರು.

ಆಂಟಿಗೆ ಒಂದು ಪದ್ಧತಿಯಿತ್ತು. ಅಂಗಡಿಯಲ್ಲಿ ಕದ್ದವರ ಫೋಟೋವನ್ನು ಸಿಸಿಟಿವಿ ಕ್ಯಾಮೆರಾದಿಂದ ತೆಗೆದು, ‘ಕಳ್ಳ’ ಎಂದು ಕೆಂಪಕ್ಷರದಲ್ಲಿ ಬರೆದು, ಬಾಗಿಲ ಗಾಜಿಗೆ ಅಂಟಿಸುತ್ತಿದ್ದರು. ಸಂಜೆ ವಾಯ್ಡ್ ಡೆಕ್‌ನ, ಅಂದರೆ ಬ್ಲಾಕಿನ ನೆಲಮಹಡಿಯ ತೆರೆದ ಜಾಗದ, ಬೆಂಚುಗಳ ಮೇಲೆ ಸೇರುತ್ತಿದ್ದ ನಮ್ಮ ಕನ್ನಡದ ಹೆಂಗಸರಿಗೆ ಹೊಸ ಫೋಟೋ ಬಂತೆಂದರೆ ಹಬ್ಬ. ಯಾವ ಬ್ಲಾಕು, ಯಾವ ಮಹಡಿ ಎಂದು ಪತ್ತೆ ಹಚ್ಚುವವರೆಗೂ ಸಮಾಧಾನವಿರುತ್ತಿರಲಿಲ್ಲ.

ಒಂದು ಸಂಜೆ ಆಂಟಿ ನನ್ನನ್ನು ಒಳಗೆ ಕರೆದು ಕೌಂಟರಿನ ಮೇಲಿದ್ದ ಫೋಟೋ ತೋರಿಸಿದರು. ಹದಿಮೂರು ವರ್ಷದ ನನ್ನ ಮಗಳು ಶಾಲೆಯ ಯೂನಿಫಾರ್ಮಿನಲ್ಲೇ ಲಿಪ್‌ಸ್ಟಿಕ್ ಒಂದನ್ನು ಬ್ಯಾಗಿಗೆ ಇಳಿಸುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಮೇಲೆ ಹೋಗಿ ಅವಳನ್ನು ದರದರನೆ ಎಳೆದು ತಂದೆ. “ಅಂಟಿಸಿಬಿಡಿ ಆಂಟಿ, ಬುದ್ಧಿ ಬರಲಿ” ಎಂದೆ. ಮಗಳು ಬಿಕ್ಕುವುದಕ್ಕೂ ಹೆದರಿ ನಿಂತಿದ್ದಳು.

ಅಷ್ಟರಲ್ಲಿ ನಮ್ಮ ವಾಯ್ಡ್ ಡೆಕ್ ಗುಂಪಿನ ಬೆಂಗಳೂರಿನ ಗೆಳತಿಯೊಬ್ಬರು ಹಾಲಿಗೆಂದು ಒಳಗೆ ಬಂದರು. ಅವರ ಕಿವಿಗೆ ಬಿದ್ದದ್ದು ಬೆಡೋಕ್, ಸೆಂಗ್‌ಕಾಂಗ್ ಬಡಾವಣೆಗಳನ್ನೆಲ್ಲ ಸುತ್ತಿ ಊರಿನವರೆಗೂ ಹೋಗುತ್ತದೆಂದು ಎಲ್ಲರಿಗೂ ಗೊತ್ತು. “ಏನಾಯ್ತ್ರೀ, ಯಾಕೆ ಹೀಗೆ ನಿಂತಿದಾಳೆ?” ಎಂದರು. ಅಂಟಿಸಿ ಎಂದು ಆಗಷ್ಟೇ ಅಬ್ಬರಿಸಿದ್ದ ನಾನೇ ಫೋಟೋ ಕಾಣದಂತೆ ಕೌಂಟರಿಗೆ ಅಡ್ಡ ನಿಂತೆ. ಅವರು ಆಂಟಿಯನ್ನೂ ಇಂಗ್ಲಿಷಿನಲ್ಲಿ ಕೇಳಿದರು.

ಆಂಟಿ ಅವಸರವಿಲ್ಲದೆ ಫೋಟೋವನ್ನು ಮಗುಚಿ, ಅದರ ಮೇಲೊಂದು ಬ್ರೆಡ್ ಪ್ಯಾಕೆಟ್ ಇಟ್ಟರು. ಶನಿವಾರದಿಂದ ಈ ಹುಡುಗಿ ತಮಗೆ ಹೆಲ್ಪ್ ಮಾಡಲು ಬರುತ್ತಾಳೆ, ಅಮ್ಮ ಬೇಡವೆನ್ನುತ್ತಾರೆ, ಅದಕ್ಕೇ ಮುಖ ಹೀಗೆ ಎಂದರು. ಗೆಳತಿ ನನಗೇ ನಾಲ್ಕು ಬುದ್ಧಿಮಾತು ಹೇಳಿ ಹಾಲು ಹಿಡಿದು ಹೋದರು.

ಅವರು ಹೋದ ಮೇಲೆ ಆಂಟಿ ಫೋಟೋ ಹರಿದು ಹಾಕಿದರು. ನನಗೆ ತೋರಿಸಲೆಂದಷ್ಟೇ ಅದನ್ನು ತೆಗೆದಿದ್ದರಂತೆ. ಹಿಂದೊಮ್ಮೆ ಒಬ್ಬ ಶಾಲಾ ಹುಡುಗಿಯ ಫೋಟೋ ಅಂಟಿಸಿದ್ದರಂತೆ. ಆಮೇಲೆ ಆ ಮಗು ಈ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟಿತಂತೆ. “ಗಾಜಿಂದ ತೆಗೆದೆ. ನೋಡಿದವರ ಕಣ್ಣಿಂದ ಹೇಗೆ ತೆಗೀಲಿ?” ಎಂದರು. ಮಗಳಿಗೆ, “ತಪ್ಪು ಮಾಡಿದೀಯ. ಶನಿವಾರ ಬಾ, ಕೆಲಸ ಇದೆ ಲಾ” ಎಂದು ಸಿಂಗಪುರದವರ ಧಾಟಿಯಲ್ಲಿ ‘ಲಾ’ ಸೇರಿಸಿ ಹೇಳಿದರು.

ಆ ಶನಿವಾರ ಅವಳು ತಲೆ ತಗ್ಗಿಸಿಕೊಂಡೇ ಹೋಗಿ, ಕ್ಷಮೆ ಕೇಳಿ, ಬಿಸ್ಕತ್ತಿನ ಪ್ಯಾಕೆಟ್‌ಗಳನ್ನು ಜೋಡಿಸಿದಳು. ಯಾರೂ ಹೇಳದೆಯೇ ಮುಂದಿನ ಶನಿವಾರಗಳಲ್ಲೂ ಹೋದಳು. ಕೊನೆಕೊನೆಗೆ ಆಂಟಿ ಊಟಕ್ಕೆ ಹೋದಾಗ ಕೌಂಟರಿನಲ್ಲಿ ಕೂರುತ್ತಿದ್ದವಳು ಅವಳೇ.

ಎಳೆಯ ವಯಸ್ಸಿನಲ್ಲಿ ತಪ್ಪು ಮಾಡಿದವರ ಹೆಸರು, ಮುಖ ಊರಿಗೆಲ್ಲ ತಿಳಿಯಲಿ ಎಂದು ಯಾರಾದರೂ ವಾದಿಸಿದರೆ ನನಗೆ ಆ ಬ್ರೆಡ್ ಪ್ಯಾಕೆಟ್ ನೆನಪಾಗುತ್ತದೆ. ಕಳ್ಳತನವಾದದ್ದು ಅವರ ಅಂಗಡಿಯಲ್ಲಿ, ಮಾನ ಉಳಿಸಿದ್ದು ನನ್ನ ಮಗಳದ್ದು. ಅಂಥ ದೊಡ್ಡ ಮನಸ್ಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದನ್ನು ಓದಿದ ಮಗಳು ತನ್ನ ಹೆಸರು ಹಾಕಿದರೂ ಪರವಾಗಿಲ್ಲ ಎಂದಳು. ನಾನು ಹಾಕಿಲ್ಲ. ನನ್ನ ಹೆಸರನ್ನೂ ಹಾಕಬೇಡಿ ಎಂದು ಸಂಪಾದಕರಲ್ಲಿ ಕೇಳಿಕೊಂಡಿದ್ದೇನೆ. ಆ ಗೆಳತಿಯೂ ಈ ಪತ್ರಿಕೆ ಓದುತ್ತಾರೆ.