ಟ್ರಂಕಿನಲ್ಲಿದ್ದ ಕಾರ್ಡು

ನೂರ್, ನಿನ್ನ ಕಾರ್ಡು ನನ್ನ ಹತ್ತಿರವೇ ಇತ್ತು. ಪೊಲೀಸರು ಕೇಳಿದಾಗ ಇಲ್ಲ ಅಂದವಳು ನಾನು.

ಜೋಗೇಶ್ವರಿಯ ನಮ್ಮ ಚಾಳಿಗೆ ನೀನು ಬಂದ ದಿನದಿಂದಲೇ ನಿನ್ನ ಮೇಲೆ ನನ್ನ ಕಣ್ಣಿತ್ತು. ಬರ್ಮಾದಿಂದ ಓಡಿಬಂದವಳು ಎಂದು ನೀನು ಹೇಳಿದೆ. ಹುಡುಗನಾಗಿ ಹುಟ್ಟಿ ಹೆಣ್ಣಿನ ಬಟ್ಟೆ ಉಟ್ಟದ್ದಕ್ಕೆ ನಿನ್ನವರೇ ನಿರಾಶ್ರಿತರ ಬಿಡಾರದಿಂದ ಹೊರಗೆ ಹಾಕಿದರು, ಯಾರೂ ಕೆಲಸ ಕೊಡಲಿಲ್ಲ, ಈಗ ಹೈವೇ ಬದಿ ನಿಂತು ಮೈ ಮಾರುತ್ತೇನೆ ಎಂದೂ ಹೇಳಿದೆ. ಇಷ್ಟೆಲ್ಲ ಯಾರಾದರೂ ತಾವಾಗಿ ಹೇಳುತ್ತಾರೆಯೇ? ಇನ್ನೇನನ್ನೋ ಮುಚ್ಚಲಿಕ್ಕೇ ಇದನ್ನು ಬಿಚ್ಚುತ್ತಿದ್ದಾಳೆ— ಅಂದುಕೊಂಡೆ. ಎರಡು ಫೋನು ಯಾಕೆ? ಬಾಗಿಲು ಹಾಕಿಕೊಂಡು ಯಾವ ಭಾಷೆಯಲ್ಲಿ ಅಳುತ್ತಾಳೆ?

ಗಿರಾಕಿಗಳು ಪರ್ಸ್ ಕಸಿಯುತ್ತಾರೆ ಎಂದು ನೀನು ನಿರಾಶ್ರಿತರ ಕಾರ್ಡಿನ ಝೆರಾಕ್ಸ್ ಮಾತ್ರ ಒಯ್ಯುತ್ತಿದ್ದೆ. ಅಸಲಿಯನ್ನು ನೀನೇ ನನ್ನ ಟ್ರಂಕಿನಲ್ಲಿ, ನನಗೆ ಹೊಲಿಯಲು ಬಂದ ಬ್ಲೌಸ್ ಬಟ್ಟೆಗಳ ಕೆಳಗೆ ಇಟ್ಟಿದ್ದೆ. ಫೋಟೋದಲ್ಲಿ ಮೀಸೆಯ ಹುಡುಗ, ಹೆಸರು ಅನ್ವರ್.

"ನಗಬ್ಯಾಡ ಆಪಾ. ಮೀಸಿ ನಮ್ಮಪ್ಪಂದು, ಕಾಡಿಗಿ ನನ್ನ ದುಡಿಮಿಂದು."

ನಿನ್ನ ಹಿಂದಿಯನ್ನು ನನ್ನ ವಿಜಾಪುರದ ಮಾತಿನಲ್ಲಿ ಬರೆಯುತ್ತಿದ್ದೇನೆ. ನಾನು ನಗಲಿಲ್ಲ. ಯಾರದೋ ಕಾರ್ಡು ಕದ್ದಿರಬಹುದೇ ಎಂದು—

ಝೆರಾಕ್ಸ್ ನಡೆಯುವುದಿಲ್ಲ, ಅಸಲಿ ತೋರಿಸು ಎಂದು ಹೈವೇಯಲ್ಲಿ ಹಿಡಿದ ಪೊಲೀಸರು ಒಂದು ಬೆಳಿಗ್ಗೆ ನಿನ್ನನ್ನು ಚಾಳಿಗೆ ಕರೆತಂದರು. ಎದುರು ಖೋಲಿಯ ಶಾಂತವ್ವ ನನ್ನ ಸೆರಗು ಜಗ್ಗಿದಳು.

"ನಡುವ ಬಾಯಿ ಹಾಕಬ್ಯಾಡ ಮಮತಾಜ್. ಅಕಿ ಜೋಡಿ ನಿನ್ನೂ ಬಾಂಗ್ಲಾದಾಕಿ ಅಂತಾರ. ನಿನ್ನ ಕಾಗದಾನೂ ಕೇಳ್ತಾರ."

ನೀನು ನನ್ನತ್ತ ಕೈ ತೋರಿಸಿದೆ. ಹವಾಲ್ದಾರ ಕೇಳಿದ, "ಇಸ್ಕಾ ಕಾರ್ಡ್ ಹೈ ಕ್ಯಾ?"

"ನಹೀಂ ಸಾಬ್."

ನೀನು ಬೈಯಲಿಲ್ಲ. ನಾನು ಮರೆತಿದ್ದೇನೆ ಎಂದು ತಿಳಿದು ನೆನಪಿಸಿದೆ, "ಟ್ರಂಕಿನಾಗ ಆಪಾ, ಬ್ಲೌಸಿನ ಕೆಳಗ."

ನಾನು ತಲೆ ಅಲ್ಲಾಡಿಸಿ ಬಾಗಿಲಿಗೆ ಅಡ್ಡ ನಿಂತೆ. ಒಳಗೆ ಬಂದು ಹುಡುಕುವ ಮನಸ್ಸು ಅವನಿಗೂ ಇರಲಿಲ್ಲ. ನಿನ್ನನ್ನು ಎಳೆದುಕೊಂಡು ಹೋದರು.

ಎಂಟು ತಿಂಗಳ ಮೇಲೆ ನಿನ್ನ ಗೆಳತಿ ಸಲ್ಮಾ ಬಂದಳು. ನಿನ್ನನ್ನು ಜೈಲಿನಲ್ಲಿ ಗಂಡಸರ ಜೊತೆ ಕೂಡಿಹಾಕಿದ್ದರಂತೆ, ಜ್ವರ ಇಳಿಯಲೇ ಇಲ್ಲವಂತೆ, ನೀನು ತೀರಿಹೋದೆಯಂತೆ. ಆ ಕಾರ್ಡೊಂದು ಸಿಕ್ಕಿದ್ದರೆ— ಎಂದು ಅತ್ತಳು. ಅದು ಎಲ್ಲಿತ್ತೋ ನನಗೆ ಗೊತ್ತಿಲ್ಲ ಎಂದೆ. ಚಹಾ ಕುಡಿಸಿ ಕಳಿಸಿದೆ.

ಅನುಮಾನವಿತ್ತು, ಅದಕ್ಕೇ ಕೊಡಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಫೋಟೋದ ಹುಡುಗನ ಎಡಹುಬ್ಬು ನಿನ್ನದರ ಹಾಗೆಯೇ ನಡುವೆ ಕಡಿದಿತ್ತು. ನೀನು ಕಾರ್ಡು ಕೊಟ್ಟ ದಿನವೇ ಅದನ್ನು ನೋಡಿದ್ದೆ. ನೀನೇ ಎಂದು ಗೊತ್ತಿದ್ದೂ ಇಲ್ಲ ಅಂದೆ.

ಸಲ್ಮಾ ಈಗ ಮಾಲ್ವಣಿಯಲ್ಲಿದ್ದಾಳೆ. ಶುಕ್ರವಾರ ಹೋಗುತ್ತೇನೆ. ಮುಖದ ಮೇಲೆ ಬಾಗಿಲು ಹಾಕಿದರೆ ಹೊರಗೆ ನಿಂತೇ ಹೇಳುತ್ತೇನೆ, ಅವಳ ಗಲ್ಲಿಯವರಿಗೆಲ್ಲ ಕೇಳಿಸುವ ಹಾಗೆ.